ಒಂದು ಡಾಲರಿನ ದ್ವೀಪ

2003ರ ಜನವರಿ 31ರಂದು ನ್ಯೂಯಾರ್ಕ್ ಬಂದರಿನ ಒಂದು ದ್ವೀಪ ಒಂದು ಡಾಲರಿಗೆ ಮಾರಾಟವಾಯಿತು. ಮಾರಿದ್ದು ಅಮೆರಿಕದ ಒಕ್ಕೂಟ ಸರ್ಕಾರ, ಕೊಂಡದ್ದು ನ್ಯೂಯಾರ್ಕ್ ರಾಜ್ಯ ಮತ್ತು ನಗರ ಸೇರಿ ಕಟ್ಟಿಕೊಂಡ ಒಂದು ನಿಗಮ. ಲಿಬರ್ಟಿ ಪ್ರತಿಮೆ ನೋಡಲು ಹೋದ ನಮ್ಮ ಕಡೆಯವರು ಈ ದ್ವೀಪವನ್ನು ಕಂಡೇ ಇರುತ್ತಾರೆ. ಮ್ಯಾನ್‌ಹಟನ್ ತುದಿಯ ಬ್ಯಾಟರಿಯಿಂದ ದೋಣಿ ಹೊರಟ ಮೇಲೆ ಎಡಗಡೆ ದಟ್ಟ ಮರಗಳು, ನೀರಂಚಿಗೆ ಕೆಂಪು ಕಲ್ಲಿನ ದುಂಡು ಕೋಟೆ ಕಾಣುತ್ತವಲ್ಲ, ಅದೇ ಗವರ್ನರ್ಸ್ ಐಲ್ಯಾಂಡ್. ವಿಸ್ತೀರ್ಣ 172 ಎಕರೆ. ವಾಲ್ ಸ್ಟ್ರೀಟಿನ ಗಗನಚುಂಬಿಗಳಿಂದ ಅಲ್ಲಿಗೆ ದೋಣಿಯಲ್ಲಿ ಹತ್ತು ನಿಮಿಷದ ದಾರಿಯೂ ಇಲ್ಲ. ಆದರೂ ಇನ್ನೂರು ವರ್ಷ ಊರಿನ ಸಾಮಾನ್ಯರಿಗೆ ಅಲ್ಲಿ ಕಾಲಿಡಲು ಅಪ್ಪಣೆ ಇರಲಿಲ್ಲ. ಅದು ಸೇನೆಯ ನೆಲ.

ಇವತ್ತು ಅಲ್ಲಿ ಮದ್ದುಗುಂಡಿನ ಉಗ್ರಾಣದಲ್ಲಿ ಕಲಾವಿದರ ಸ್ಟುಡಿಯೋಗಳಿವೆ. ಅಧಿಕಾರಿಗಳ ಹಳದಿ ಮರದ ಮನೆಗಳಲ್ಲಿ ಬೇಸಿಗೆ ಪೂರ್ತಿ ಪ್ರದರ್ಶನಗಳು ನಡೆಯುತ್ತವೆ. ಸರ್ಕಾರಿ ಹೈಸ್ಕೂಲಿನ ಮಕ್ಕಳು ಸಮುದ್ರಕ್ಕೆ ಇಳಿದು ಸಿಂಪಿ ಬೆಳೆಸುತ್ತಾರೆ. ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ದೊಡ್ಡ ಕೇಂದ್ರವೊಂದನ್ನು ಕಟ್ಟುವ ಯೋಜನೆಯೂ ಇದೆ. ಸೇನಾ ನೆಲೆ ಹೀಗೆ ಕಲೆ ಮತ್ತು ವಿಜ್ಞಾನದ ಅಂಗಳವಾದದ್ದನ್ನು ಹೇಳುವಾಗ ಎಲ್ಲರೂ ಕಟ್ಟಡಗಳ ಚೆಲುವನ್ನೋ ವಾಸ್ತುಶಿಲ್ಪಿಗಳ ಕಲ್ಪನೆಯನ್ನೋ ಹೊಗಳುತ್ತಾರೆ. ನನ್ನನ್ನು ಕೇಳಿದರೆ ಮೊದಲು ಓದಬೇಕಾದದ್ದು ಆ ಒಂದು ಡಾಲರಿನ ಕ್ರಯಪತ್ರವನ್ನು. ಈ ದ್ವೀಪ ಜನರ ಪಾಲಿಗೆ ಉಳಿದಿರುವುದಕ್ಕೆ ಅದರಲ್ಲಿ ಬರೆದ ಷರತ್ತುಗಳೇ ಮುಖ್ಯ ಕಾರಣ.

ಅದಕ್ಕೆ ಮುಂಚೆ ಸ್ವಲ್ಪ ಚರಿತ್ರೆ. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲೇ, 1776ರಲ್ಲಿ, ಇಲ್ಲಿ ಮಣ್ಣಿನ ಕೋಟೆ ಎದ್ದಿತ್ತು. ಆಮೇಲೆ ಬಂದದ್ದು ನಕ್ಷತ್ರದ ಆಕಾರದ ಫೋರ್ಟ್ ಜೇ. 1807ರಿಂದ 1811ರ ನಡುವೆ ಕಟ್ಟಿದ ದುಂಡು ಕೋಟೆಯ ಹೆಸರು ಕ್ಯಾಸಲ್ ವಿಲಿಯಮ್ಸ್. ಬಂದರಿಗೆ ನುಗ್ಗುವ ಹಡಗುಗಳ ಮೇಲೆ ಫಿರಂಗಿ ಹಾರಿಸಲೆಂದು ಕಟ್ಟಿದ ಈ ಕೋಟೆಗೆ ಆ ಕೆಲಸ ಬೀಳಲೇ ಇಲ್ಲ. ಮುಂದೆ ಅದು ಸೆರೆಮನೆಯಾಯಿತು. ಅಂತರ್ಯುದ್ಧದಲ್ಲಿ ಸೆರೆಸಿಕ್ಕ ದಕ್ಷಿಣದ ಸೈನಿಕರನ್ನು ಇಲ್ಲಿ ಕೂಡಿಹಾಕಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರದಡಿ ಲೆಕ್ಸಿಂಗ್ಟನ್ ಅವೆನ್ಯೂ ಸಬ್‌ವೇ ಸುರಂಗ ತೋಡಿದಾಗ ಬಂದ ಮಣ್ಣು-ಕಲ್ಲನ್ನು ದ್ವೀಪದ ದಕ್ಷಿಣಕ್ಕೆ ತಂದು ಸುರಿದರು. ಹೀಗೆ ನೂರಕ್ಕೂ ಹೆಚ್ಚು ಎಕರೆ ಹೊಸ ನೆಲ ಹುಟ್ಟಿತು. ಇಂದಿನ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗ ನಗರದ ಹೊಟ್ಟೆಯಿಂದ ಬಂದ ಮಣ್ಣೇ.

ಇನ್ನೂ ಹದಗೊಳ್ಳದ ಆ ಹೊಸ ಮಣ್ಣಿನ ಮೇಲಿಂದಲೇ 1909ರ ಸೆಪ್ಟೆಂಬರ್ 29ರಂದು ವಿಲ್ಬರ್ ರೈಟ್ ವಿಮಾನ ಹಾರಿಸಿ ಲಿಬರ್ಟಿ ಪ್ರತಿಮೆಯನ್ನು ಸುತ್ತಿ ಬಂದ. ನೀರಿನ ಮೇಲೆ ಹಾರುವ ಭಯಕ್ಕೆ ಪರಿಹಾರವಾಗಿ ಅಂಗಡಿಯಿಂದ ಕೊಂಡ ಕೆಂಪು ದೋಣಿಯೊಂದನ್ನು ವಿಮಾನದ ಹೊಟ್ಟೆಗೆ ಕಟ್ಟಿಕೊಂಡಿದ್ದ. ಬಿದ್ದರೆ ತೇಲಬೇಕಲ್ಲ! ವಿಜ್ಞಾನದ ಪ್ರಯೋಗಕ್ಕೆ ಈ ದ್ವೀಪ ಒದಗಿಬಂದದ್ದು ಇಂದು ನಿನ್ನೆಯ ಮಾತಲ್ಲ ಎಂಬುದಕ್ಕೆ ಆ ಕೆಂಪು ದೋಣಿ ಸಾಕ್ಷಿ.

1966ರಲ್ಲಿ ಭೂಸೇನೆ ಜಾಗ ಖಾಲಿ ಮಾಡಿತು, ಕೋಸ್ಟ್ ಗಾರ್ಡ್ ಬಂತು. ಅದು ಕೋಸ್ಟ್ ಗಾರ್ಡಿನ ಅತಿ ದೊಡ್ಡ ನೆಲೆ. ಸಾವಿರಾರು ಸಿಬ್ಬಂದಿ ಮತ್ತು ಕುಟುಂಬಗಳಿಗೆ ಶಾಲೆ, ಚಿತ್ರಮಂದಿರ, ಬೌಲಿಂಗ್ ಅಂಕಣ, ಗಾಲ್ಫ್ ಮೈದಾನ ಎಲ್ಲವೂ ಅಲ್ಲೇ ಇದ್ದವು. 1988ರ ಡಿಸೆಂಬರ್ 7ರಂದು ರೊನಾಲ್ಡ್ ರೇಗನ್, ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಜಾರ್ಜ್ ಬುಷ್ ಮತ್ತು ಮಿಖಾಯಿಲ್ ಗೊರ್ಬಚೆವ್ ಇಲ್ಲಿಯ ಅಡ್ಮಿರಲ್ ಮನೆಯಲ್ಲಿ ಜತೆಯಾಗಿ ಊಟ ಮಾಡಿದರು. ಅದೇ ದಿನ ಗೊರ್ಬಚೆವ್ ವಿಶ್ವಸಂಸ್ಥೆಯಲ್ಲಿ ಸೋವಿಯತ್ ಸೇನೆಯಿಂದ ಐದು ಲಕ್ಷ ಯೋಧರನ್ನು ಕಡಿಮೆ ಮಾಡುವುದಾಗಿ ಸಾರಿದ್ದರು. ಶೀತಲ ಸಮರ ಮುಗಿಯುತ್ತ ಬಂದಂತೆ ಎರಡೂ ಕಡೆ ಸೇನಾ ನೆಲೆಗಳು ಬರಿದಾಗತೊಡಗಿದವು. 1996ರಲ್ಲಿ ಖರ್ಚು ಉಳಿಸಲೆಂದು ಕೋಸ್ಟ್ ಗಾರ್ಡ್ ಕೂಡ ದ್ವೀಪ ಬಿಟ್ಟಿತು.

ಮುಂದಿನ ಏಳು ವರ್ಷ ಅಲ್ಲಿ ಏನೂ ನಡೆಯಲಿಲ್ಲ. ಕಾವಲಿನವರು ಮತ್ತು ನಿರ್ವಹಣೆಯ ಕೆಲವರನ್ನು ಬಿಟ್ಟರೆ ಮನುಷ್ಯರ ಸುಳಿವಿಲ್ಲ. ಅಮೆರಿಕದಲ್ಲಿ ಅತ್ಯಂತ ದುಬಾರಿ ನೆಲದ ಎದುರಿಗೆ ಇಷ್ಟು ಜಾಗ ಖಾಲಿ ಬಿದ್ದರೆ ಆಸೆಗಣ್ಣುಗಳು ಬೀಳದೆ ಇರುತ್ತವೆಯೇ? ಕ್ಯಾಸಿನೊ ಮಾಡೋಣ, ಐಷಾರಾಮಿ ವಸತಿ ಕಟ್ಟೋಣ ಎಂಬ ಮಾತುಗಳು ಎದ್ದವು. ಜನರಿಗೆ ಉಪಯೋಗವಾಗುವ ಒಳ್ಳೆಯ ಯೋಜನೆ ತಂದರೆ ಒಂದು ಡಾಲರಿಗೆ ಕೊಡುತ್ತೇನೆಂದು ಅಧ್ಯಕ್ಷ ಕ್ಲಿಂಟನ್ 1995ರಲ್ಲೇ ಸೆನೆಟರ್ ಮೊಯ್ನಿಹಾನ್ ಅವರಿಗೆ ಹೇಳಿದ್ದರು. ಆದರೆ 1997ರ ಆಯವ್ಯಯ ಕಾನೂನು ಮಾರುಕಟ್ಟೆ ಬೆಲೆಗೇ ಮಾರಬೇಕೆಂದು ತಡೆ ಹಾಕಿತು. ಆ ಬೆಲೆಗೇ ಮಾರಾಟವಾಗಿದ್ದರೆ ಕಲಾವಿದರಿಗಾಗಲೀ ಶಾಲೆಯ ಮಕ್ಕಳಿಗಾಗಲೀ ಅಲ್ಲಿ ಜಾಗ ಸಿಗುತ್ತಿರಲಿಲ್ಲ, ಅದರಲ್ಲಿ ನನಗೆ ಸಂಶಯವಿಲ್ಲ. 2001ರ ಜನವರಿಯಲ್ಲಿ, ಅಧಿಕಾರದ ಕೊನೆಯ ದಿನಗಳಲ್ಲಿ, ಕ್ಲಿಂಟನ್ ಎರಡು ಕೋಟೆಗಳಿರುವ 22 ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಮರುವರ್ಷ ಅಧ್ಯಕ್ಷ ಕಿರಿಯ ಬುಷ್, ರಾಜ್ಯಪಾಲ ಪಟಾಕಿ, ಮೇಯರ್ ಬ್ಲೂಮ್‌ಬರ್ಗ್ ಮಾತುಕತೆ ನಡೆಸಿ ಒಂದು ಡಾಲರಿನ ಒಪ್ಪಂದಕ್ಕೆ ಬಂದರು.

ಕ್ರಯಪತ್ರದ ಷರತ್ತುಗಳು ಇವು: ದ್ವೀಪದಲ್ಲಿ ಕಾಯಂ ವಾಸದ ಮನೆ ಕೂಡದು. ಕ್ಯಾಸಿನೊ ಕೂಡದು. ಕನಿಷ್ಠ 40 ಎಕರೆ ಉದ್ಯಾನಕ್ಕೆ, 20 ಎಕರೆ ಶಿಕ್ಷಣಕ್ಕೆ ಮೀಸಲು, ಇನ್ನೊಂದಿಷ್ಟು ಕಲೆ-ಸಂಸ್ಕೃತಿಯಂಥ ಸಾರ್ವಜನಿಕ ಬಳಕೆಗೆ. ಒಣ ಕಾನೂನಿನ ಭಾಷೆ ನಿಜ. ಆದರೆ ಮನೆ ಕಟ್ಟುವಂತಿಲ್ಲ ಎಂಬ ಒಂದೇ ಸಾಲು ರಿಯಲ್ ಎಸ್ಟೇಟಿನ ದೊಡ್ಡ ದೊಡ್ಡ ಕುಳಗಳನ್ನು ದೂರ ಇಟ್ಟಿತು. ಸೇನೆ ಖಾಲಿ ಮಾಡಿದ ಜಾಗಕ್ಕೆ ಮೊದಲು ನುಗ್ಗುವುದು ಹಣ. ಕಲಾವಿದರು ಬಂದು ಜಾಗಕ್ಕೆ ಹೆಸರು ತಂದ ಮೇಲೆ ಬಾಡಿಗೆ ಏರುತ್ತದೆ, ಕಲಾವಿದರೇ ಜಾಗ ಬಿಡಬೇಕಾಗುತ್ತದೆ. ಇಲ್ಲಿ ಹಾಗಾಗದಂತೆ ಆ ಸಾಲು ತಡೆದಿದೆ.

ಒಂದು ಡಾಲರಿಗೆ ಸಿಕ್ಕಿತೆಂದ ಮಾತ್ರಕ್ಕೆ ಅಗ್ಗವೇನೂ ಆಗಲಿಲ್ಲ. ಸುತ್ತಲಿನ 2.2 ಮೈಲಿ ಉದ್ದದ ಸಮುದ್ರ ಗೋಡೆಯನ್ನು ದುರಸ್ತಿ ಮಾಡಬೇಕು. ನೀರಿನ ಕೊಳವೆ, ವಿದ್ಯುತ್ತು, ಒಳಚರಂಡಿ ಹೊಸದಾಗಬೇಕು. ಹಳೆಯ ಸೇನಾ ಕಟ್ಟಡಗಳೆಂದರೆ ಗೋಡೆಯ ಬಣ್ಣದಲ್ಲಿ ಸೀಸ, ಕೊಳವೆಯ ಹೊದಿಕೆಯಲ್ಲಿ ಕಲ್ನಾರು ಇದ್ದೇ ಇರುತ್ತವೆ. ಅವನ್ನು ತೆಗೆಯದೆ ಮಕ್ಕಳನ್ನು ಒಳಗೆ ಬಿಡುವಂತಿಲ್ಲ. ಫೋಟೊದಲ್ಲಿ ಕಾಣದ ಈ ಕೆಲಸಗಳಿಗೇ ಮೊದಲ ವರ್ಷಗಳೆಲ್ಲ ಹೋದವು. ಆರಂಭದಲ್ಲಿ ಬೇಸಿಗೆಯಲ್ಲಷ್ಟೇ ಜನರನ್ನು ಬಿಡುತ್ತಿದ್ದರು. ವರ್ಷಪೂರ್ತಿ ತೆರೆದದ್ದು 2021ರಲ್ಲಿ, ಅಂದರೆ ಕ್ರಯಪತ್ರವಾಗಿ ಹದಿನೆಂಟು ವರ್ಷಗಳ ನಂತರ.

ಉದ್ಯಾನದ ವಿನ್ಯಾಸ ಹಾಲೆಂಡಿನ ವೆಸ್ಟ್ 8 ಸಂಸ್ಥೆಯದು, ಮುಖ್ಯ ವಿನ್ಯಾಸಕಾರ ಆಡ್ರಿಯಾನ್ ಖ್ಯೂಜೆ. ಸಮುದ್ರದ ಜತೆ ಏಗುವುದನ್ನು ಹುಟ್ಟಿನಿಂದ ಕಲಿತ ನಾಡಿನವರು. ಸಮತಟ್ಟಾದ ದಕ್ಷಿಣದ ನೆಲವನ್ನು ಏರಿಸಿ ನಾಲ್ಕು ಗುಡ್ಡ ಮಾಡಿದರು. ಎಲ್ಲಕ್ಕೂ ಎತ್ತರದ್ದು 70 ಅಡಿ, ಅದರ ನೆತ್ತಿಯಿಂದ ಇಡೀ ಬಂದರು ಕಾಣುತ್ತದೆ. ಈ ಗುಡ್ಡಗಳು ಯಾವುದರಿಂದ ಆಗಿವೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 2013ರ ಜೂನಿನಲ್ಲಿ ಕೋಸ್ಟ್ ಗಾರ್ಡ್ ಕಾಲದ ಹನ್ನೊಂದು ಅಂತಸ್ತಿನ ವಸತಿ ಕಟ್ಟಡವನ್ನು ಸಿಡಿಮದ್ದಿಟ್ಟು ಕೆಡವಿದರು. ಅದರ ಮತ್ತು ಇತರ ಕಟ್ಟಡಗಳ ಅವಶೇಷ ಗುಡ್ಡಗಳ ಒಡಲು ಸೇರಿದೆ. ಸಮುದ್ರ ಗೋಡೆಯಿಂದ ಕಿತ್ತ ಗ್ರಾನೈಟ್ ದಿಮ್ಮಿಗಳನ್ನು ಅತಿ ಎತ್ತರದ ಗುಡ್ಡದ ಮೇಲೆ ಒರಟು ಮೆಟ್ಟಿಲಾಗಿ ಜೋಡಿಸಿದ್ದಾರೆ. ಮಕ್ಕಳು ಕೈಕಾಲು ಊರಿ ಹತ್ತುತ್ತಾರೆ. 2016ರ ಬೇಸಿಗೆಯಲ್ಲಿ ಗುಡ್ಡಗಳು ಜನರಿಗೆ ತೆರೆದವು.

ಆ ಗುಡ್ಡಗಳಲ್ಲೊಂದರ ಮೇಲೆ ಬ್ರಿಟಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ ಅವರ ‘ಕ್ಯಾಬಿನ್’ ಇದೆ. ದೂರದಿಂದ ಅದು ಬೂದು ಬಣ್ಣದ ಚಿಕ್ಕ ಗುಡಿಸಲು. ಹತ್ತಿರ ಹೋದರೆ ಬಾಗಿಲು ತೆರೆಯುವುದಿಲ್ಲ, ಕಿಟಕಿಯಲ್ಲಿ ಇಣುಕಿದರೆ ಏನೂ ಕಾಣುವುದಿಲ್ಲ. ಮರದ ಮನೆಯೊಂದರ ಒಳಗಿನ ಖಾಲಿ ಜಾಗವನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದಿದ್ದಾರೆ. ಹಲಗೆಯ ಗೆರೆಗಳು ಒಳಗಿನಿಂದ ಹೊರಗೆ ಅಚ್ಚಾಗಿ ಬಂದಿವೆ. ಸುತ್ತ ಹುಲ್ಲಿನಲ್ಲಿ ಯಾರೋ ಎಸೆದ ಕಸದಂತೆ ಕಾಣುವ ವಸ್ತುಗಳೂ ಕಂಚಿನ ಎರಕಗಳೇ. ಎದುರಿಗೆ ಲಿಬರ್ಟಿ ಪ್ರತಿಮೆ. ತಲೆಮಾರುಗಳ ಕಾಲ ಒಳಗೆ ಬಿಡದಿದ್ದ ದ್ವೀಪಕ್ಕೆ ಇದಕ್ಕಿಂತ ಒಪ್ಪುವ ಶಿಲ್ಪ ಬೇರೊಂದಿರಲಾರದು.

ಕಲೆಯ ವಿಷಯದಲ್ಲಿ ಇಲ್ಲಿ ಬೇರು ಬಿಟ್ಟ ಸಂಸ್ಥೆ ಲೋವರ್ ಮ್ಯಾನ್‌ಹಟನ್ ಕಲ್ಚರಲ್ ಕೌನ್ಸಿಲ್. ದೋಣಿಕಟ್ಟೆಗೆ ಹತ್ತಿರದ, ಹತ್ತೊಂಬತ್ತನೆಯ ಶತಮಾನದ ಉಗ್ರಾಣವನ್ನು ಅದು ಸ್ಟುಡಿಯೋ ಮತ್ತು ಗ್ಯಾಲರಿಗಳಾಗಿ ಮಾಡಿಕೊಂಡಿತು. ನವೀಕರಿಸಿದ ಕಲಾ ಕೇಂದ್ರ 2019ರಲ್ಲಿ ಬಾಗಿಲು ತೆರೆಯಿತು. ಈ ಸಂಸ್ಥೆ ಹಿಂದೆ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಖಾಲಿಯಿದ್ದ ಮಹಡಿಗಳನ್ನು ಕಲಾವಿದರಿಗೆ ಸ್ಟುಡಿಯೋ ಆಗಿ ಕೊಡುತ್ತಿತ್ತು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಶಿಲ್ಪಿ ಮೈಕೆಲ್ ರಿಚರ್ಡ್ಸ್ ಉತ್ತರ ಗೋಪುರದ 92ನೆಯ ಮಹಡಿಯ ತಮ್ಮ ಸ್ಟುಡಿಯೋದಲ್ಲಿದ್ದರು. ಅವರು ಬದುಕಿ ಬರಲಿಲ್ಲ. ಎರಡನೆಯ ಮಹಾಯುದ್ಧದ ಕಪ್ಪುವರ್ಣೀಯ ವಿಮಾನ ಚಾಲಕರು, ಟಸ್ಕಿಗೀ ಏರ್‌ಮನ್‌ಗಳು, ರಿಚರ್ಡ್ಸ್ ಅವರ ಶಿಲ್ಪಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಅವರ ಪ್ರಸಿದ್ಧ ಶಿಲ್ಪವೊಂದರಲ್ಲಿ ಸಮವಸ್ತ್ರ ತೊಟ್ಟು ನೆಟ್ಟಗೆ ನಿಂತ ಚಾಲಕನ ಮೈಗೆ ಪುಟ್ಟ ಪುಟ್ಟ ವಿಮಾನಗಳು ಬಾಣಗಳಂತೆ ಚುಚ್ಚಿಕೊಂಡಿವೆ. ರಿಚರ್ಡ್ಸ್ ತಮ್ಮ ಮೈಯನ್ನೇ ಅಚ್ಚಾಗಿ ಬಳಸಿ ಮಾಡಿದ್ದು ಅದು. 2016ರಲ್ಲಿ ಅವರ ಕೃತಿಗಳ ಪ್ರದರ್ಶನ ನಡೆದದ್ದು ಈ ದ್ವೀಪದಲ್ಲಿ. ದೇಶಕ್ಕಾಗಿ ಹೋರಾಡಿದರೂ ದೇಶದಲ್ಲಿ ಸಮಾನರಾಗದ ಸೈನಿಕರ ನೋವನ್ನು ಹೇಳಿದ ಕಲಾವಿದನ ಕೆಲಸವನ್ನು ಸೇನೆಯದೇ ನೆಲದಲ್ಲಿ ಇಟ್ಟು ತೋರಿಸಿದ್ದು ಸಣ್ಣ ಮಾತಲ್ಲ. ಸೇನಾ ನೆಲೆಗೆ ಕಲೆ ಬರುವುದು ಬರೀ ಗೋಡೆಗೆ ಬಣ್ಣ ಬಳಿಯುವುದಕ್ಕಲ್ಲ ಎಂದು ನಾನು ನಂಬಿರುವುದು ಇಂಥ ಕೆಲಸಗಳಿಂದ.

ಇನ್ನು ವಿಜ್ಞಾನ. ಇಲ್ಲಿ ಅದು ಪ್ರಯೋಗಾಲಯದ ಬಿಳಿ ಕೋಟಿನಲ್ಲಿ ಬರಲಿಲ್ಲ, ಚಿಪ್ಪಿನ ರಾಶಿಯ ಜತೆ ಬಂತು. 2010ರಲ್ಲಿ ಬ್ರೂಕ್ಲಿನ್‌ನಿಂದ ಹಾರ್ಬರ್ ಸ್ಕೂಲ್ ಎಂಬ ಸರ್ಕಾರಿ ಪ್ರೌಢಶಾಲೆ ದ್ವೀಪಕ್ಕೆ ಬಂದು ನೆಲೆಸಿತು. ನಗರದ ಮೂಲೆ ಮೂಲೆಗಳಿಂದ ಮಕ್ಕಳು ದಿನವೂ ದೋಣಿ ಹತ್ತಿ ಶಾಲೆಗೆ ಬರುತ್ತಾರೆ. ಗಣಿತ, ಇಂಗ್ಲಿಷ್ ಜತೆಗೆ ಹಡಗು ನಡೆಸುವುದು, ನೀರಿನಡಿ ಮುಳುಗಿ ಕೆಲಸ ಮಾಡುವುದು, ಜಲಕೃಷಿ, ಸಮುದ್ರ ಜೀವಶಾಸ್ತ್ರ ಕಲಿಯುತ್ತಾರೆ. ಈ ಶಾಲೆಯ ಅಂಗಳದಲ್ಲಿ ಹುಟ್ಟಿದ ಕೆಲಸವೇ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್. ಮರ್ರಿ ಫಿಶರ್ ಮತ್ತು ಪೀಟ್ ಮಾಲಿನೋವ್ಸ್ಕಿ 2014ರಲ್ಲಿ ಶುರು ಮಾಡಿದ್ದು. 2035ರೊಳಗೆ ನ್ಯೂಯಾರ್ಕ್ ಬಂದರಿಗೆ ನೂರು ಕೋಟಿ ಸಿಂಪಿಗಳನ್ನು ಮರಳಿಸುವುದು ಗುರಿ. ಹತ್ತು ಕೋಟಿಗೂ ಹೆಚ್ಚು ಈಗಾಗಲೇ ನೀರು ಸೇರಿವೆ.

ಸಿಂಪಿಗಳೇ ಯಾಕೆ? ಒಂದು ಕಾಲಕ್ಕೆ ಈ ಬಂದರಿನ ತಳವೆಲ್ಲ ಸಿಂಪಿಯ ದಿಬ್ಬಗಳಿದ್ದವು. ಬೀದಿಬದಿಯ ಗಾಡಿಗಳಲ್ಲಿ ಬಡವರೂ ಕೊಂಡು ತಿನ್ನುತ್ತಿದ್ದರು. ತಿಂದದ್ದು ಸಾಲದೆಂಬಂತೆ ನಗರದ ಕೊಳಚೆ ನೀರೂ ಸೇರಿ, 1927ರ ಹೊತ್ತಿಗೆ ಕೊನೆಯ ಸಿಂಪಿ ನೆಲೆಯನ್ನೂ ಮುಚ್ಚಬೇಕಾಯಿತು. ಬೆಳೆದ ಸಿಂಪಿಯೊಂದು ಅನುಕೂಲಕರ ಸ್ಥಿತಿಯಲ್ಲಿ ದಿನಕ್ಕೆ ಸುಮಾರು 190 ಲೀಟರ್‌ವರೆಗೂ ನೀರನ್ನು ಸೋಸಬಲ್ಲದು. ಸಿಂಪಿಗಳು ಒಂದರ ಮೇಲೊಂದು ಕೂತು ಬೆಳೆದ ದಿಬ್ಬ ಮೀನುಮರಿಗಳಿಗೆ ಆಸರೆಯಾಗುತ್ತದೆ, ಅಲೆಯ ಹೊಡೆತವನ್ನೂ ತಗ್ಗಿಸುತ್ತದೆ. ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವವರನ್ನು ಕಂಡ ಉತ್ತರ ಕನ್ನಡದವರಿಗೆ, ಚಿಪ್ಪಿನ ಜೀವಿಗಳು ಅಳಿದರೆ ಅಳಿವೆಯೇ ಹೇಗೆ ಬಡವಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕೆಲಸ ನಡೆಯುವ ಬಗೆ ಹೀಗೆ. ನಗರದ ಹೋಟೆಲುಗಳಲ್ಲಿ ತಿಂದು ಉಳಿದ ಸಿಂಪಿ ಚಿಪ್ಪುಗಳನ್ನು ಸಂಗ್ರಹಿಸಿ ದ್ವೀಪಕ್ಕೆ ತರುತ್ತಾರೆ. ಬಯಲಿನಲ್ಲಿ ರಾಶಿ ಹಾಕಿ ವರ್ಷದಷ್ಟು ಕಾಲ ಬಿಸಿಲು, ಮಳೆ, ಹುಳುಹುಪ್ಪಟೆಗೆ ಬಿಡುತ್ತಾರೆ. ಅಂಟಿಕೊಂಡ ಮಾಂಸವೆಲ್ಲ ಹೋಗಿ ಚಿಪ್ಪು ಬೆಳ್ಳಗಾಗುತ್ತದೆ. ಆಮೇಲೆ ತೊಟ್ಟಿಯ ನೀರಿಗೆ ಆ ಚಿಪ್ಪುಗಳನ್ನು ಇಳಿಸಿ ಸಿಂಪಿಯ ಮರಿಗಳನ್ನು ಬಿಡುತ್ತಾರೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಗಳು. ಈ ಹಂತದಲ್ಲಿ ಅವಕ್ಕೆ ಒಂದು ಪಾದ ಮೂಡಿರುತ್ತದೆ. ತೆವಳುತ್ತ ಗಟ್ಟಿ ನೆಲೆ ಹುಡುಕಿ, ಒಪ್ಪಿಗೆಯಾದಲ್ಲಿ ತಮ್ಮದೇ ಅಂಟು ಸುರಿಸಿ ಕೂತುಬಿಡುತ್ತವೆ. ಕೂತ ಮೇಲೆ ಜೀವಮಾನವಿಡೀ ಅಲ್ಲೇ. ಅವಕ್ಕೆ ಎಲ್ಲಕ್ಕಿಂತ ಇಷ್ಟದ ನೆಲೆ ಇನ್ನೊಂದು ಸಿಂಪಿಯ ಚಿಪ್ಪು. ಹೀಗೆ ಒಂದು ಹಳೆಯ ಚಿಪ್ಪಿನ ಮೇಲೆ ಹತ್ತಾರು ಮರಿಗಳು ಕೂತ ಮೇಲೆ ಕಬ್ಬಿಣದ ಪಂಜರಗಳಲ್ಲಿಟ್ಟು ಬಂದರಿಗೆ ಇಳಿಸುತ್ತಾರೆ. ಪಂಜರ ಬೆಸುಗೆ ಹಾಕುವುದರಲ್ಲೂ ದೋಣಿ ನಡೆಸುವುದರಲ್ಲೂ ನೀರಿಗಿಳಿದು ಬೆಳವಣಿಗೆ ಅಳೆಯುವುದರಲ್ಲೂ ಶಾಲೆಯ ಮಕ್ಕಳು ಕೈಜೋಡಿಸುತ್ತಾರೆ. ಈ ಸಿಂಪಿಗಳನ್ನು ತಿನ್ನುವಂತಿಲ್ಲ, ನೀರು ಇನ್ನೂ ಅಷ್ಟು ಶುದ್ಧವಾಗಿಲ್ಲ. ತಮ್ಮ ಊಟಕ್ಕೆ ಬಾರದ ಬೆಳೆಯನ್ನು ಹದಿನೈದು-ಹದಿನಾರರ ಮಕ್ಕಳು ಇಷ್ಟು ಜತನದಿಂದ ಬೆಳೆಸುತ್ತಿರುವುದು ನನ್ನ ಪಾಲಿಗೆ ಈ ದ್ವೀಪದ ಅತಿ ದೊಡ್ಡ ಸಾಧನೆ. ಶಿಕ್ಷಣಕ್ಕೆ 20 ಎಕರೆ ಎಂದು ಕ್ರಯಪತ್ರದಲ್ಲಿ ಬರೆದವರು ಇದನ್ನು ಊಹಿಸಿಯೂ ಇರಲಾರರು.

ಖಾಲಿಯಾದ ಸೇನಾ ನೆಲೆಗಳು ಬೇರೆ ಕಡೆ ಬೇರೆ ದಾರಿ ಹಿಡಿದದ್ದುಂಟು. ಟೆಕ್ಸಾಸ್ ರಾಜ್ಯದ ಮಾರ್ಫಾ ಎಂಬ ಪುಟ್ಟ ಊರಿನ ಫೋರ್ಟ್ ಡಿ. ಎ. ರಸೆಲ್ ನೆಲೆಯನ್ನು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮುಚ್ಚಿದರು. 1970ರ ದಶಕದ ಕೊನೆಯಲ್ಲಿ ಕಲಾವಿದ ಡೊನಾಲ್ಡ್ ಜಡ್, ಡಿಯಾ ಫೌಂಡೇಷನ್ನಿನ ಹಣದ ಬೆಂಬಲದಿಂದ, ಅಲ್ಲಿಯ ಕಟ್ಟಡಗಳನ್ನು ಕಲೆಗೆ ತೆಗೆದುಕೊಂಡ. ಫಿರಂಗಿ ಇಡುತ್ತಿದ್ದ ಎರಡು ಉದ್ದನೆಯ ಶೆಡ್ಡುಗಳ ಗ್ಯಾರೇಜು ಬಾಗಿಲುಗಳನ್ನು ತೆಗೆದು ಗಾಜಿನ ಕಿಟಕಿ ಕೂರಿಸಿದ. ಸೋರುತ್ತಿದ್ದ ಚಪ್ಪಟೆ ಮಾಡಿನ ಮೇಲೆ ಕಮಾನಿನ ತಗಡಿನ ಮಾಡು ಏರಿಸಿದ. ಒಳಗೆ ನೂರು ಅಲ್ಯೂಮಿನಿಯಂ ಪೆಟ್ಟಿಗೆಗಳು. ಹೊರಗಿನ ಅಳತೆ ಎಲ್ಲವಕ್ಕೂ ಒಂದೇ, ಒಳಗಿನ ವಿನ್ಯಾಸ ಒಂದರಂತೆ ಇನ್ನೊಂದಿಲ್ಲ. ಹೊತ್ತು ಏರಿದಂತೆ ಒಂದೊಂದು ಪೆಟ್ಟಿಗೆ ಒಂದೊಂದು ಬೆಳಕು ಹಿಡಿಯುತ್ತದೆ. ಇಲ್ಲಿದ್ದ ಜರ್ಮನ್ ಯುದ್ಧಕೈದಿಗಳಿಗಾಗಿ ಗೋಡೆಯ ಮೇಲೆ ಬರೆದ ಜರ್ಮನ್ ಸೂಚನೆಗಳನ್ನು ಅವನು ಅಳಿಸಲಿಲ್ಲ. ಒಬ್ಬನೇ ಮನುಷ್ಯನ ಹಟದಿಂದ ಇಷ್ಟು ಗಟ್ಟಿ ಕೆಲಸ ಆಯಿತೆಂಬುದು ಅದ್ಭುತವೇ. ಆದರೆ ಅಂಥ ಒಬ್ಬ ಮನುಷ್ಯ ಎಲ್ಲ ಊರಿಗೂ ಸಿಗುವುದಿಲ್ಲ.

ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಜನರೇ ನುಗ್ಗಿದರು. ಯುಗೊಸ್ಲಾವ್ ಸೇನೆ ಬಿಟ್ಟುಹೋದ ಮೆಟೆಲ್ಕೋವಾ ಬ್ಯಾರಕ್‌ಗಳನ್ನು ಕೆಡವುವ ಕೆಲಸ ಶುರುವಾದಾಗ, 1993ರ ಸೆಪ್ಟೆಂಬರಿನಲ್ಲಿ ಕಲಾವಿದರು, ಹೋರಾಟಗಾರರು ಒಳಹೊಕ್ಕು ಜಾಗ ಹಿಡಿದು ಕೂತರು. ಅಲ್ಲಿಯ ಸೇನಾ ಸೆರೆಮನೆ ಈಗ ಪ್ರವಾಸಿಗರ ವಸತಿಗೃಹ, ಒಂದೊಂದು ಕೋಣೆಯೂ ಒಬ್ಬೊಬ್ಬ ಕಲಾವಿದರ ಕೈಚಳಕ. ಆದರೆ ಕಾಗದದ ರಕ್ಷಣೆಯಿಲ್ಲದ ಅಲ್ಲಿಯವರು ಯಾವಾಗ ಯಾವ ಕಟ್ಟಡ ಕೆಡವುತ್ತಾರೋ ಎಂಬ ಆತಂಕದಲ್ಲೇ ವರ್ಷಗಳನ್ನು ಕಳೆಯಬೇಕಾಯಿತು.

ಕಾಗದವಿದ್ದರೂ ಹಣದ ಪ್ರಶ್ನೆ ಇದ್ದೇ ಇರುತ್ತದೆ. ಸಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಸೇನಾ ನೆಲೆಯನ್ನು ಉದ್ಯಾನ ಮಾಡಿದಾಗ, 2013ರೊಳಗೆ ಅದು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂದು 1996ರ ಕಾನೂನು ವಿಧಿಸಿತು. ಹಳೆಯ ಸೇನಾ ಆಸ್ಪತ್ರೆ ಇದ್ದ ಜಾಗದಲ್ಲಿ ಸಿನಿಮಾ ನಿರ್ದೇಶಕ ಜಾರ್ಜ್ ಲ್ಯೂಕಸ್ ಕಂಪನಿಯ ಡಿಜಿಟಲ್ ಕಲಾ ಕೇಂದ್ರ ಬಂದದ್ದು, ಅಧಿಕಾರಿಗಳ ಮನೆಗಳನ್ನು ಬಾಡಿಗೆಗೆ ಕೊಟ್ಟದ್ದು ಆ ಒತ್ತಡದಿಂದಲೇ. ಪ್ರೆಸಿಡಿಯೊ ಗುರಿ ಮುಟ್ಟಿತು. ಗವರ್ನರ್ಸ್ ಐಲ್ಯಾಂಡಿನಲ್ಲಿ ಮನೆ ಬಾಡಿಗೆಯ ದಾರಿಯೇ ಇಲ್ಲ, ಆದ್ದರಿಂದ ಒತ್ತಡ ಬೇರೆ ರೂಪದಲ್ಲಿ ಬಂದಿದೆ. ಸೈನಿಕರ ಹಳೆಯ ಕಟ್ಟಡಗಳಲ್ಲಿ 2022ರಲ್ಲಿ ದುಬಾರಿ ಸ್ಪಾ ಒಂದು ತೆರೆಯಿತು. ಅದರ ಬಾಡಿಗೆ ದ್ವೀಪದ ನಿರ್ವಹಣೆಗೆ ಆಧಾರ, ನಿಜ. ಆದರೆ ಸರ್ಕಾರಿ ಶಾಲೆಯ ಮಕ್ಕಳು ದೋಣಿ ಇಳಿಯುವ ದ್ವೀಪದಲ್ಲಿ ಇಂಥವು ಒಂದೆರಡಕ್ಕೆ ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

2021ರಲ್ಲಿ ನಗರ ಪಾಲಿಕೆ ದಕ್ಷಿಣದ 33 ಎಕರೆಯಲ್ಲಿ ದೊಡ್ಡ ಕಟ್ಟಡಗಳಿಗೆ ಅವಕಾಶ ಕೊಡುವಂತೆ ವಲಯ ನಿಯಮ ಬದಲಿಸಿತು. ಗುಡ್ಡದಿಂದ ಕಾಣುವ ಬಂದರನ್ನು ಗೋಪುರಗಳು ಮರೆಮಾಡುತ್ತವೆಂದು ಹಲವರು ವಿರೋಧಿಸಿದರು, ನ್ಯಾಯಾಲಯಕ್ಕೂ ಹೋದರು. 2023ರ ಏಪ್ರಿಲ್‌ನಲ್ಲಿ ಆ ಜಾಗದ ಒಂದು ಭಾಗಕ್ಕೆ ಆಯ್ಕೆಯಾದದ್ದು ನ್ಯೂಯಾರ್ಕ್ ಕ್ಲೈಮೇಟ್ ಎಕ್ಸ್‌ಚೇಂಜ್. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಹಲವು ವಿಶ್ವವಿದ್ಯಾಲಯಗಳೂ ಕಂಪನಿಗಳೂ ಸೇರಿರುವ ಕೂಟ ಅದು. ಆಗ ಪ್ರಕಟಿಸಿದ ಅಂದಾಜು 70 ಕೋಟಿ ಡಾಲರ್, ಕಟ್ಟಡಗಳ ವಿಸ್ತೀರ್ಣ ನಾಲ್ಕು ಲಕ್ಷ ಚದರ ಅಡಿ. ಏರುವ ಸಮುದ್ರದ ನಡುವೆ ನಗರಗಳು ಬದುಕುವುದು ಹೇಗೆ ಎಂಬುದನ್ನು ನೀರಿನ ನಡುವೆಯೇ ಕೂತು ಅಧ್ಯಯನ ಮಾಡುವ ಸಂಕಲ್ಪ. 2012ರ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದ ಬಂದರು ಇದೇ.

ಈ ಕೇಂದ್ರ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ 2003ರಲ್ಲಿ ಕೇಳಿದವೇ. ಗುತ್ತಿಗೆ ಪತ್ರದಲ್ಲಿ ಏನು ಬರೆದಿದೆ, ಅದರ ಅಂಗಳಕ್ಕೆ ಟಿಕೆಟ್ ಇಲ್ಲದೆ ಬರಬಹುದೇ, ಹಾರ್ಬರ್ ಸ್ಕೂಲಿನ ಹುಡುಗಿಯೊಬ್ಬಳು ತಾನು ಅಳೆದ ಸಿಂಪಿಯ ಲೆಕ್ಕವನ್ನು ಅಲ್ಲಿಯ ವಿಜ್ಞಾನಿಯ ಮೇಜಿನ ಮೇಲೆ ಇಡಬಹುದೇ? ದಕ್ಷಿಣದ ಉಳಿದ ಎಕರೆಗಳ ಒಪ್ಪಂದಗಳು ಇನ್ನು ಮುಂದೆ ಆಗಬೇಕಿವೆ. ಅಂದರೆ ಷರತ್ತು ಬರೆಸಲು ನಗರದ ಜನರಿಗೆ ಇನ್ನೂ ಹೊತ್ತಿದೆ.